ಬುತ್ತಿ ಎತ್ತಿಗೆ ಹೋಯಿತು

ನಮ್ಮ ಖಾನಾವಳಿಯ ಕಟ್ಟೆಯ ಮೇಲೆ ಕುಳಿತು ಹತ್ತಿ ಗಾಡಿಯವನೊಬ್ಬ ತನ್ನದೇ ಬುತ್ತಿ ಬಿಚ್ಚಿದ. "ಯವ್ವಾ, ಬರೇ ನೀರು ಕೊಡ್ರಿ" ಎಂದ.

ಮೊಮ್ಮಗಳು ಗಿರಿಜಾಳ ಮುಖ ಬಾಡಿತು. ಬೈಲಹೊಂಗಲದ ಪೇಟೆಯಲ್ಲಿ ಅವಳು ಖಾನಾವಳಿ ತೆರೆದ ಮೊದಲ ದಿನವದು, ಸಂತೆಯ ದಿನ. ಜೋಳ, ಅಗಸಿ, ಕಾಳು ಎಲ್ಲವೂ ಸಂಪಗಾಂವದ ನಮ್ಮ ಹೊಲದ್ದೇ. ಆದರೆ ಮಧ್ಯಾಹ್ನವಾದರೂ ಯಾರೂ ಉಣ್ಣಲು ಬಂದಿರಲಿಲ್ಲ. "ಎಲ್ಲಾರೂ ಬುತ್ತಿ ಕಟಗೊಂಡ ಬರತಾರ, ನಿನ್ನ ರೊಟ್ಟಿ ಯಾರ್ ಕೊಳ್ತಾರ?" ಎಂದು ಓಣಿಯವರು ಮೊದಲೇ ನಕ್ಕಿದ್ದರು.

ಉಣ್ಣುವವರಿಗೆ ಬರೀ ನೀರು ಕೊಟ್ಟು ನನಗೆ ರೂಢಿಯಿಲ್ಲ. ಒಂದು ಬಿಸಿ ರೊಟ್ಟಿ, ಮೇಲೆ ಅಗಸಿ ಚಟ್ನಿ, ಎಣ್ಣೆ ಹಾಕಿ ನೀರಿನ ಜೊತೆ ಇಟ್ಟೆ. ಅವನು ಒಂದು ತುತ್ತು ತಿಂದ. ಆಮೇಲೆ ಎದ್ದು ಹೋಗಿ ತನ್ನ ಬುತ್ತಿಯ ರೊಟ್ಟಿಗಳನ್ನೆಲ್ಲ ಎತ್ತುಗಳಿಗೆ ತಿನ್ನಿಸಿ ಬಂದ.

"ರೊಕ್ಕಾ ಕೊಡತೇನಿ, ಇನ್ನ ಮೂರು ಹಾಕ್ರಿ. ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡ್ರಿ."

"ನಾವು ಹೇಳಂಗಿಲ್ಲರಿ ಅಣ್ಣಾ, ಎತ್ತು ಹೇಳಿದ್ರ ಗೊತ್ತಿಲ್ಲ" ಎಂದು ಗಿರಿಜಾ ನಗುತ್ತ ಹಿಟ್ಟು ನಾದಿದಳು.

ಮುಂದಿನ ಸಂತೆಗೆ ಅವನು ಬುತ್ತಿಯಿಲ್ಲದೆ ಬಂದ, ಹೆಂಡತಿಯನ್ನೂ ಕರೆತಂದ. ಆಕೆ ನಾಲ್ಕು ರೊಟ್ಟಿ ಉಂಡಳು. ನಕ್ಕ ಓಣಿಯವರಿಗೆಲ್ಲ ಇದನ್ನು ಹೇಳಿ ಮುಗಿಸಿದ್ದೇನೆ; ಹಿಗ್ಗು ಇನ್ನೂ ಉಳಿದಿದೆ, ಅದಕ್ಕೇ ಪತ್ರಿಕೆಗೆ ಬರೆದೆ.