ಗುಡುಗು ಮಾಸ್ತರರ ಗಂಟಲು

ಡ್ರಿಲ್ ಮಾಸ್ತರರ ಗಂಟಲಿನ ಬಗ್ಗೆ ಆ ತರಬೇತಿ ಶಿಬಿರದಲ್ಲಿ ಬೇಕಾದಷ್ಟು ಕಥೆಗಳಿದ್ದವು. ಅರ್ಧಕ್ಕರ್ಧ ಅವರೇ ಹಬ್ಬಿಸಿದವು. ಮೈದಾನದ ಈ ತುದಿಯಲ್ಲಿ ನಿಂತು ಅವರು ‘ಹಾಲ್ಟ್’ ಎಂದರೆ ಗೇಟಿನಾಚೆ ಹೋಗುತ್ತಿದ್ದ ಹಾಲಿನವನು ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದನಂತೆ. ಮಾರುಕಟ್ಟೆಯಲ್ಲಿ ಈರುಳ್ಳಿಯ ಬೆಲೆ ಕೇಳಿದ್ದಕ್ಕೆ ಅಂಗಡಿಯವಳು ತಕ್ಕಡಿ ಕೆಳಗಿಟ್ಟು ಎದ್ದು ನಿಂತಳಂತೆ. ಮನೆಯಲ್ಲಿ ಅವರು ‘ಚಹಾ’ ಎಂದು ಕೂಗಿದಾಗ ಪಕ್ಕದ ಮನೆಯ ನಾಯಿ ತಟ್ಟನೆ ಕುಳಿತುಕೊಳ್ಳುತ್ತಿದ್ದುದನ್ನು ಅವರ ಹೆಂಡತಿ ಕಣ್ಣಾರೆ ಕಂಡಿದ್ದರು. ಚಹಾವನ್ನು ಮಾತ್ರ ಆಕೆ ತಮಗೆ ಪುರಸೊತ್ತಾದಾಗಲೇ ಕೊಡುತ್ತಿದ್ದರು.

ಹುಡುಗರು ಬೆನ್ನ ಹಿಂದೆ ಅವರನ್ನು ಗುಡುಗು ಮಾಸ್ತರ ಎನ್ನುತ್ತಿದ್ದರು. ಅದು ಮಾಸ್ತರರಿಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರಲು ಅವರು ಪಡುತ್ತಿದ್ದ ಪಾಡು ನೋಡುವಂತಿತ್ತು.

ಶಿಬಿರಕ್ಕೆ ಬರುತ್ತಿದ್ದವರು ಹೊಸದಾಗಿ ಸೈನ್ಯಕ್ಕೆ ಸೇರಿದ ಹುಡುಗರು. ಮೊನ್ನೆ ಮೊನ್ನೆಯವರೆಗೆ ಅಮ್ಮ ಎಬ್ಬಿಸಿದರೆ ಮಗ್ಗುಲು ಬದಲಿಸುತ್ತಿದ್ದವರು. ತಲೆ ಬೋಳಿಸಿ, ಅಳತೆಗೆ ಹೊಂದದ ಬೂಟು ತೊಡಿಸಿ ಅವರನ್ನು ಮೈದಾನಕ್ಕೆ ತಂದು ನಿಲ್ಲಿಸಿದರೆ ಮುಂದಿನದೆಲ್ಲ ಮಾಸ್ತರರ ಕೆಲಸ. ದೇಶದ ಗಡಿಯನ್ನು ಕಾಯುತ್ತಿರುವುದು ಫಿರಂಗಿಯೂ ಅಲ್ಲ, ಮುಳ್ಳುತಂತಿಯೂ ಅಲ್ಲ, ತಮ್ಮ ಗಂಟಲು ಎಂದು ಅವರು ಮನಸಾರೆ ನಂಬಿದ್ದರು.

“ಕೇಳ್ರೋ,” ಎಂದು ಪ್ರತಿ ತಂಡಕ್ಕೂ ಮೊದಲ ದಿನ ಹೇಳುತ್ತಿದ್ದರು. “ಇವತ್ತಿನಿಂದ ನಿಮ್ಮ ಕೈ ನಿಮ್ದಲ್ಲ, ಕಾಲು ನಿಮ್ದಲ್ಲ. ನನ್ನ ಬಾಯಿಂದ ಮಾತು ಬಂದ್ರೆ ಮಾತ್ರ ಅಲ್ಲಾಡ್ಬೇಕು. ಸೊಳ್ಳೆ ಕಚ್ತಿದ್ರೆ ಕಚ್ಲಿ, ಅದಕ್ಕೂ ಹೊಟ್ಟೆ ಇದೆ. ಇನ್ನೊಂದು. ಮಾಸ್ತರ ತಪ್ಪು ಮಾಡಲ್ಲ. ಏನಾದ್ರೂ ತಪ್ಪಾಗಿದೆ ಅಂತ ಅನ್ನಿಸಿದ್ರೆ ಅದು ನಿಮ್ದೇ.”

ಅವರ ಹೆಮ್ಮೆಯ ಪಾಠ ಬೇರೆಯೇ ಇತ್ತು. ಸಾಲು ನಿಲ್ಲಿಸಿ, ತುಟಿ ಬಿಗಿಹಿಡಿದು, ಕೈಬೀಸಿ ‘ಬಾ’ ಎಂದು ಕರೆಯುವರು. ಮುಖ ಗಾಬರಿ ಮಾಡಿಕೊಂಡು ಆಕಾಶದ ಕಡೆ ಬೊಟ್ಟು ತೋರಿಸುವರು. ಒಬ್ಬನ ಕತ್ತು ಕೊಂಚ ಹೊರಳಿದರೂ ಇಡೀ ಸಾಲು ಬಂದೂಕು ತಲೆಯ ಮೇಲೆತ್ತಿ ಮೈದಾನ ಸುತ್ತಬೇಕು. “ಕೈಸನ್ನೆಗೆ ಓಡೋಕೆ ನೀವೇನು ಬಸ್ಸು ಹಿಡಿಯೋಕೆ ಬಂದಿದ್ದೀರಾ? ಕಣ್ಣು ನಂಬಬೇಡ್ರೋ, ಕಿವಿ ನಂಬಿ! ಅದೂ ನನ್ನ ದನಿ ಆದ್ರೆ ಮಾತ್ರ!”

ಈ ಸಲದ ತಂಡದಲ್ಲಿ ಆ ಪರೀಕ್ಷೆಗೆ ಒಮ್ಮೆಯೂ ಸೋಲದ ಹುಡುಗನೊಬ್ಬನಿದ್ದ. ಬಡಗಿಯೊಬ್ಬನ ಮಗ. ಅಪ್ಪನ ಅಂಗಡಿಯಲ್ಲಿ ಮೊಳೆ ಹೊಡೆಯಲು ಹೋಗಿ ಹಲಗೆ ಸೀಳಿ, ದಿನಾ ಬೈಸಿಕೊಂಡು ಬೆಳೆದವನು. ಇಲ್ಲಿ, ಸುಮ್ಮನೆ ನಿಲ್ಲುವುದೇ ಒಂದು ವಿದ್ಯೆಯಾದಲ್ಲಿ, ಅವನಿಗೆ ಹುಟ್ಟಿದಂದಿನಿಂದ ಸಿಗದ ಹೊಗಳಿಕೆ ಸಿಕ್ಕಿತು. ಜೊತೆಯವರು ಅವನನ್ನು ಕಂಬ ಎಂದು ಕರೆದರು. ಮಾಸ್ತರರು, “ಇವನನ್ನ ನೋಡ್ರೋ! ಕಾಗೆ ಬಂದು ತಲೆ ಮೇಲೆ ಗೂಡು ಕಟ್ಟಿದ್ರೂ ಬಾಡಿಗೆ ಕೇಳಲ್ಲ,” ಎಂದರು. ಕಂಬನ ಕಿವಿ ಕೆಂಪಾಯಿತು. ಮೈ ಮಾತ್ರ ಕದಲಲಿಲ್ಲ.

ಆಗ ಗಡಿಯಲ್ಲಿ ಜಗಳ ಶುರುವಾಗಿತ್ತು. ಸಣ್ಣಪುಟ್ಟ ಘರ್ಷಣೆ ಎಂದು ರೇಡಿಯೋ ಹೇಳುತ್ತಿತ್ತು. ಆದರೆ ತರಬೇತಿಯ ಅವಧಿ ಪ್ರತಿ ತಂಡಕ್ಕೂ ಮೊಟಕಾಗುತ್ತ ಬಂತು, ಸ್ಟೋರಿಗೆ ಗಡಿಯಿಂದ ಮೂಟೆಗಟ್ಟಲೆ ಬೂಟುಗಳು ವಾಪಸು ಬರತೊಡಗಿದವು. ಸ್ಟೋರಿನವನು ಅವನ್ನು ತೊಳೆದು, ಬೂಟಿನ ನಾಲಗೆಯ ಒಳಬದಿಯಲ್ಲಿ ಯಾರೋ ಶಾಯಿಯಲ್ಲಿ ಬರೆದುಕೊಂಡಿದ್ದ ಹೆಸರನ್ನು ಬ್ಲೇಡಿನಿಂದ ಕೆರೆದು, ಪಾಲಿಶ್ ಹಾಕಿ ಜೋಡಿಸಿಡುತ್ತಿದ್ದ. ಯಾರ ಕಾಲಿನವೆಂದು ಯಾರೂ ಕೇಳುತ್ತಿರಲಿಲ್ಲ. ಹೊಸಬರ ಕಾಲಿಗೆ ಅವು ಹೊಸ ಬೂಟುಗಳಿಗಿಂತ ಮೆತ್ತಗಿರುತ್ತಿದ್ದವು.

ಇಂಥ ಹೊತ್ತಿನಲ್ಲಿ ಮಾಸ್ತರರ ಗಂಟಲು ಕೈಕೊಟ್ಟಿತು.

ಕವಾಯತಿನಲ್ಲಿ ‘ಹಾಲ್ಟ್’ ಎಂದು ಬಾಯಿ ತೆರೆದರು. ತುಕ್ಕು ಹಿಡಿದ ಕೀಲು ತಿರುಗಿದಂಥ ಸದ್ದು ಬಂತು, ಮಾತು ಬರಲಿಲ್ಲ. ತಂಡ ನಡೆಯುತ್ತಲೇ ಹೋಯಿತು. ಎದುರಿಗೆ ಧ್ವಜದ ಕಟ್ಟೆ. ಮುಂದಿನ ಸಾಲಿನಲ್ಲಿದ್ದ ಕಂಬ ಕಟ್ಟೆಗೆ ಮೊಣಕಾಲು ಬಡಿಸಿಕೊಂಡು, ಅಲ್ಲೇ ನಿಂತು, ಕಾಲು ಎತ್ತಿ ಇಳಿಸುತ್ತಲೇ ಇದ್ದ. ಮಾಸ್ತರರ ಕೈಕೆಳಗಿನ ಚಿಕ್ಕ ಮಾಸ್ತರ ಓಡಿ ಬಂದು ಕೂಗಿ ನಿಲ್ಲಿಸಿದ. ಹುಡುಗರು ಒಳಗೊಳಗೇ ನಕ್ಕರು. ಕಂಬನ ಪ್ಯಾಂಟಿನ ಮೇಲೆ ರಕ್ತದ ಕಲೆ ಹರಡುತ್ತಿತ್ತು.

ಶಿಬಿರದ ಡಾಕ್ಟರು ಪುಟ್ಟ ಕನ್ನಡಿಯನ್ನು ಗಂಟಲಿಗಿಳಿಸಿ ನೋಡಿದರು.

“ಒಳಗೆ ಗಂಟು ಬೆಳೆದಿದೆ. ಒಂದು ತಿಂಗಳು ಮಾತಾಡೋ ಹಾಗಿಲ್ಲ. ಇಲ್ಲಾಂದ್ರೆ ಯಾವತ್ತೋ ಒಂದಿನ ನಲ್ಲಿ ನಿಂತ ಹಾಗೆ ನಿಂತುಹೋಗುತ್ತೆ. ಹೇಳಿ ಕೇಳಿ ನಿಲ್ಲಲ್ಲ ಅದು.”

“ಈ ತಂಡ ಹೊರಟುಹೋಗ್ಲಿ ಡಾಕ್ಟ್ರೇ, ಆಮೇಲೆ ನೀವು ಹೇಳಿದಷ್ಟು ದಿನ ಮೂಕ ಆಗಿರ್ತೀನಿ. ಸಾಹೇಬರಿಗೆ ಮಾತ್ರ ತಿಳಿಸಬೇಡಿ. ತಿಳಿದ್ರೆ ನನ್ನನ್ನ ಸ್ಟೋರಿಗೆ ಹಾಕ್ತಾರೆ.”

ಮನೆಯಲ್ಲಿ ಹೆಂಡತಿ ಉಪ್ಪುನೀರು ಕಾಯಿಸಿ ತಂದು ಎದುರಿಗೆ ಕುಕ್ಕಿದರು.

“ಸ್ಟೋರಿಗೆ ಹಾಕಿದ್ರೆ ಏನಂತೆ? ಬೂಟು ನಿಮಗೆ ಸಲ್ಯೂಟ್ ಹೊಡೆಯಲ್ಲ ಅಂತ ಬೇಜಾರಾ?”

“ನಿನಗೆ ಗೊತ್ತಾಗಲ್ಲ ಕಣೇ. ಆ ಹುಡುಗರು ನನ್ನ ದನಿ ಮೇಲೆ ನಿಂತಿದ್ದಾರೆ.”

“ಅದೇ ನನಗೂ ಭಯ. ನಿಮ್ಮ ಗಂಟಲು ಹೋದ್ರೆ ಉಪ್ಪುನೀರು ಕೊಡ್ತೀನಿ. ಅದನ್ನೇ ನಂಬಿಕೊಂಡು ನಿಂತಿರೋ ಯಾರದೋ ಮಗನ ಜೀವ ಹೋದ್ರೆ ಏನು ಕೊಡ್ಲಿ?”

ಮಾಸ್ತರರು ಉಪ್ಪುನೀರು ಮುಕ್ಕಳಿಸಿದರು. ಬಾಯಲ್ಲಿ ನೀರಿದ್ದಾಗ ಉತ್ತರ ಕೊಡಬೇಕಾಗಿಲ್ಲ ಎಂಬುದೊಂದು ಅನುಕೂಲ.

ಕೆಲವು ದಿನ ದನಿಯನ್ನು ಜಿಪುಣನಂತೆ ಬಳಸಿ, ಉಳಿದದ್ದನ್ನು ಚಿಕ್ಕ ಮಾಸ್ತರನಿಂದ ಕೂಗಿಸಿ ಸಾಗಿಸಿದರು. ಕೊನೆಗೆ ಕೈಬಾಂಬಿನ ದಿನ ಬಂತು.

ಶಿಬಿರದ ಹಿಂದಿನ ಬೋಳು ಬಯಲಿನಲ್ಲಿ ಎದೆಮಟ್ಟದ ಗೋಡೆಯ ಒಂದು ಗುಂಡಿ. ಅದರೊಳಗೆ ಇಬ್ಬರೇ: ಬಾಂಬು ಎಸೆಯುವ ಹುಡುಗ, ಪಕ್ಕದಲ್ಲಿ ಮಾಸ್ತರ. ಮೊದಲು ‘ಪಿನ್’ ಎನ್ನಬೇಕು, ಹುಡುಗ ಪಿನ್ ಕೀಳುತ್ತಾನೆ. ಆಮೇಲೆ ‘ಎಸೆ’ ಎನ್ನಬೇಕು. ಪಿನ್ ಕಿತ್ತ ಮೇಲೂ, ಬಾಂಬಿನ ಮೈಮೇಲಿನ ಲೋಹದ ಪಟ್ಟಿಯನ್ನು ಅಂಗೈಯಲ್ಲಿ ಅದುಮಿ ಹಿಡಿದಿರುವವರೆಗೆ ಅದು ಸಿಡಿಯುವುದಿಲ್ಲ. ಹಿಡಿತ ಸಡಿಲಾಯಿತೋ, ನಾಲ್ಕೈದು ಸೆಕೆಂಡಿನಲ್ಲಿ ಸಿಡಿಯುತ್ತದೆ. ಉಳಿದವರೆಲ್ಲ ಹಿಂದೆ ದಪ್ಪ ಗೋಡೆಯ ಮರೆಯಲ್ಲಿ ತಲೆ ತಗ್ಗಿಸಿ ಕೂರಬೇಕು. ಸಿಡಿದ ಸದ್ದು ಕೇಳುವವರೆಗೆ ಯಾರೂ ತಲೆ ಎತ್ತುವಂತಿಲ್ಲ.

“ಇವತ್ತು ಗುಂಡಿಗೆ ನಾನು ಇಳೀತೀನಿ ಸರ್,” ಎಂದ ಚಿಕ್ಕ ಮಾಸ್ತರ. “ನಿಮ್ಮ ಗಂಟಲು...”

ಮಾಸ್ತರರು ದೂರದ ವೀಕ್ಷಣಾ ಗೋಪುರದ ಕಡೆ ನೋಡಿದರು. ಶಿಬಿರದ ಮುಖ್ಯಸ್ಥರಾದ ದೊಡ್ಡ ಸಾಹೇಬರು ದುರ್ಬೀನು ಹಿಡಿದು ಕುಳಿತಿದ್ದರು. ಮಾಸ್ತರರ ಎದೆ ತಾನಾಗಿ ಮುಂದೆ ಬಂತು.

“ಗಂಟಲಿಗೇನಾಗಿದೆ? ಹೋಗಿ ಗೋಡೆ ಹಿಂದೆ ಕೂತ್ಕೋ.”

ಒಬ್ಬೊಬ್ಬನಾಗಿ ಹುಡುಗರು ಬಂದರು, ಎಸೆದರು, ಗೋಡೆಯ ಮರೆಗೆ ಹಿಂದಿರುಗಿದರು. ಪ್ರತಿ ಮಾತಿಗೂ ಗಂಟಲೊಳಗೆ ಗಾಜಿನ ಚೂರು ಹೊರಳಿದಂತಾಗುತ್ತಿತ್ತು. ಕೊನೆಯವನಾಗಿ ಕಂಬ ಬಂದ.

“ಪಿನ್,” ಎಂದರು ಮಾಸ್ತರರು. ಹುಡುಗ ಪಿನ್ ಕಿತ್ತು ಮರಳಿಗೆ ಬಿಟ್ಟ. ತೋಳು ಹಿಂದಕ್ಕೆ ಹೋಯಿತು.

ಮಾಸ್ತರರು ಬಾಯಿ ತೆರೆದರು. ಏನೂ ಬರಲಿಲ್ಲ.

ಕೀರಲು ಸದ್ದೂ ಇಲ್ಲ, ಉಸಿರೂ ಇಲ್ಲ. ಕೆಮ್ಮಲು ನೋಡಿದರು, ಕೆಮ್ಮೂ ಇಲ್ಲ. ಮುಂದಿನ ಬಯಲಿನತ್ತ ಜೋರಾಗಿ ಕೈಬೀಸಿ ತೋರಿಸಿದರು.

ಕಂಬ ಕದಲಲಿಲ್ಲ.

ಮಾಸ್ತರರು ಎರಡೂ ಕೈಯಲ್ಲಿ ಎಸೆಯುವ ನಟನೆ ಮಾಡಿದರು, ಕಣ್ಣು ಮೇಲುಗಣ್ಣಾಗುವಂತೆ ತುಟಿ ಅಲ್ಲಾಡಿಸಿದರು. ಹುಡುಗನ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಮೂಡಿದ್ದು ಆಗ. ಅದನ್ನು ಕಂಡು ಮಾಸ್ತರರಿಗೆ ಅರ್ಥವಾಯಿತು. ಇದು ಪರೀಕ್ಷೆ ಎಂದು ಅವನು ತಿಳಿದಿದ್ದಾನೆ. ಮಾಸ್ತರರ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಅವನು ಗೆಲ್ಲುತ್ತಿದ್ದಾನೆ!

ಪಿನ್ನನ್ನು ಬಾಂಬಿಗೆ ಮತ್ತೆ ಸಿಕ್ಕಿಸೋಣವೆಂದು ಮಾಸ್ತರರು ಮಂಡಿಯೂರಿ ಮರಳು ಕೆದಕಿದರು. ಹಿಂದಿನ ಹುಡುಗರು ಕಿತ್ತೆಸೆದ ಪಿನ್ನುಗಳು ಕೈಗೆ ಸಿಕ್ಕವು, ಬಾಗಿದವು, ಮುರಿದವು. ಮೇಲೆ ನೋಡಿದರೆ ಹುಡುಗನ ಬೆರಳ ಗೆಣ್ಣುಗಳು ಬೆಳ್ಳಗಾಗಿ ಮಣಿಕಟ್ಟು ನಡುಗತೊಡಗಿತ್ತು. ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಗೋಡೆಯ ಹಿಂದೆ ತಂಡವೆಲ್ಲ ತಲೆ ತಗ್ಗಿಸಿ, ಮಾಸ್ತರರೇ ಕಲಿಸಿದಂತೆ, ಶಿಸ್ತಿನಿಂದ ಕಾಯುತ್ತಿತ್ತು.

ಮಾಸ್ತರರು ಎದ್ದು ಹುಡುಗನ ಮುಷ್ಟಿಯ ಮೇಲೆ ತಮ್ಮ ಎರಡೂ ಕೈ ಹಾಕಿದರು. ಅವನು ಇನ್ನೂ ಬಿಗಿಯಾಗಿ ಹಿಡಿದ. ಇಬ್ಬರೂ ಆಟಿಕೆಗೆ ಜಗಳವಾಡುವ ಮಕ್ಕಳಂತೆ ಸದ್ದಿಲ್ಲದೆ ಎಳೆದಾಡಿದರು. ಹುಡುಗನ ಬೆರಳು ಸೋತಿತು. ಪಟ್ಟಿ ಟಣ್ಣನೆ ಹಾರಿತು. ಬಾಂಬು ಗೋಡೆಯ ಅಂಚಿನ ಮೇಲೆ ಬಿದ್ದು, ಒಂದು ಸುತ್ತು ತಿರುಗಿ, ಯಾವ ಕಡೆ ಬೀಳಲಿ ಎಂದು ಯೋಚಿಸುವಂತೆ ನಿಂತಿತು. ಮಾಸ್ತರರು ಅಂಗೈಯಿಂದ ಅದನ್ನು ಆಚೆ ತಳ್ಳಿ, ಹುಡುಗನನ್ನು ಕೆಡವಿ ಅವನ ಮೇಲೆ ಬಿದ್ದರು.

ಸದ್ದಾಯಿತು. ಮಣ್ಣು ಸುರಿಯಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕೆಳಗಿನಿಂದ, ಮಣ್ಣು ತುಂಬಿದ ಬಾಯಿಂದ, ಸಂತೋಷ ತಡೆಯಲಾರದ ದನಿ:

“ನಾನು ಕದಲಲಿಲ್ಲ ಸರ್!”

ಸಂಜೆ ದೊಡ್ಡ ಸಾಹೇಬರ ಕೋಣೆಯಲ್ಲಿ ಇಬ್ಬರೂ ನಿಂತರು. ಮೇಜಿನ ಗಾಜಿನ ಕೆಳಗೆ ಸಾಹೇಬರ ಫೋಟೋಗಳೇ ಇದ್ದವು, ಎಲ್ಲದರಲ್ಲೂ ಅವರು ದೂರ ನೋಡುತ್ತಿದ್ದರು.

“ಯಾಕಯ್ಯಾ ಎಸೀಲಿಲ್ಲ?”

ಕಂಬ ಗೋಡೆಯಲ್ಲಿ ದೃಷ್ಟಿ ನೆಟ್ಟ. “ಆರ್ಡರ್ ಬಂತು ಸರ್. ನನಗೆ ಕೇಳಿಸಲಿಲ್ಲ. ತಪ್ಪು ನನ್ನದು ಸರ್.”

ಮಾಸ್ತರರಿಗೆ ಅಷ್ಟು ಹೊತ್ತಿಗೆ ಪಿಸುಗುಡುವಷ್ಟು ದನಿ ಮರಳಿತ್ತು. ಮೈದಾನ, ಹಾಲಿನವನು, ಈರುಳ್ಳಿಯವಳು ಎಲ್ಲ ಒಂದು ಕ್ಷಣ ಅವರ ಕಣ್ಣ ಮುಂದೆ ಬಂದು ಹೋದವು.

“ಸುಳ್ಳು ಸರ್,” ಎಂದರು. “ಆರ್ಡರ್ ಕೊಡಲಿಲ್ಲ. ನನಗೆ ದನಿ ಇರಲಿಲ್ಲ. ಡಾಕ್ಟರು ಮೊದಲೇ ಹೇಳಿದ್ರು, ನಾನೇ ಮುಚ್ಚಿಟ್ಟೆ. ಹೇಳೋ, ನಿಜ ಹೇಳೋ.”

“ತಪ್ಪು ನನ್ನದು ಸರ್,” ಎಂದ ಹುಡುಗ, ಗೋಡೆಗೆ.

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. ಅವರ ಕಣ್ಣು ತುಂಬಿ ಬಂದಿತ್ತು. “ತಪ್ಪನ್ನ ತಲೆ ಮೇಲೆ ಹಾಕ್ಕೊಳೋಕೆ ಇಬ್ಬರಿಗೂ ಪೈಪೋಟಿ! ನನ್ನ ಸರ್ವೀಸಲ್ಲೇ ನೋಡಿಲ್ಲ. ಬಾಂಬು ಕೈಯಲ್ಲಿದ್ರೂ ಆರ್ಡರ್ ಇಲ್ದೆ ಬೆರಳು ಬಿಡಲಿಲ್ಲ ಈ ಹುಡುಗ. ಗಡಿಯಲ್ಲಿ ಇಂಥವರನ್ನೇ ಕೇಳ್ತಿದ್ದಾರೆ. ಬೆಳಿಗ್ಗೆ ಮೊದಲ ಟ್ರಕ್ಕಲ್ಲಿ ಇವನು ಹೊರಡ್ಲಿ. ಮಾಸ್ತರೇ, ನೀವು ಗಂಟಲು ಸುಧಾರಿಸೋವರೆಗೆ ಸ್ಟೋರ್ ನೋಡಿಕೊಳ್ಳಿ.”

ಸ್ಟೋರಿನ ಮಾತು ಮಾಸ್ತರರ ಕಿವಿಗೆ ಬೀಳಲೇ ಇಲ್ಲ. “ಇವನಿಗೆ ಇನ್ನೂ ಕಲಿಸೋದು ಬಾಕಿ ಇದೆ ಸರ್.”

“ಬಾಕಿನಾ? ಏನದು?”

ಮಾಸ್ತರರು ಹುಡುಕಿದರು. ಇಷ್ಟು ವರ್ಷ ಕೂಗಿದ ಮಾತುಗಳಲ್ಲಿ ಒಂದೂ ಅದಕ್ಕೆ ಒಪ್ಪುವಂತಿರಲಿಲ್ಲ. ಸಾಹೇಬರು ಕಾದು, ನಕ್ಕು, ಅವರ ಬೆನ್ನು ತಟ್ಟಿ ಕಳಿಸಿದರು.

ಬೆಳಿಗ್ಗೆ ಟ್ರಕ್ಕುಗಳು ಗೇಟಿನ ಒಳಗೆ ಸಾಲಾಗಿ ನಿಂತು ಗುರುಗುಡುತ್ತಿದ್ದವು. ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದರು: “ಏನು ಹೇಳ್ಬೇಕೋ ಅವನ ಕಿವಿಯಲ್ಲೇ ಹೇಳಿ ಬನ್ನಿ. ಸಾಹೇಬರಿಗೆ ಹೇಳಿ ಪ್ರಯೋಜನ ಇಲ್ಲ.” ಮಾಸ್ತರರು ಮೊದಲ ಟ್ರಕ್ಕಿನ ಹಿಂಬದಿಯ ಸರಪಳಿ ಹಿಡಿದು ಮೇಲೆ ಹತ್ತಿದರು. ಹೊಟ್ಟೆ ಅಡ್ಡ ಬಂದು ಎರಡು ಸಲ ಜಾರಿದರು, ಯಾರೋ ಕಿಸಕ್ಕೆಂದು ನಕ್ಕರು. ಕಂಬ ಅಂಚಿನಲ್ಲೇ ಕುಳಿತಿದ್ದ, ಬೆನ್ನು ನೆಟ್ಟಗೆ, ಬಂದೂಕು ಮೊಣಕಾಲ ನಡುವೆ, ಕಣ್ಣು ಎದುರಿಗೆ. ಹೊರಡುವವನಿಗೆ ಸ್ಟೋರಿನವನು ಬೂಟು ಬದಲಿಸಿ ಕೊಟ್ಟಿದ್ದ. ಅವು ಚೆನ್ನಾಗಿ ಪಳಗಿದ ಬೂಟುಗಳು.

ಮಾಸ್ತರರು ಅವನ ಕಿವಿಗೆ ಬಾಯಿಟ್ಟರು. ಎಂಜಿನ್ನಿನ ಸದ್ದಿನಲ್ಲಿ ಆ ಪಿಸುಮಾತು ತಮಗೇ ಕೇಳಿಸುತ್ತಿರಲಿಲ್ಲ.

“ಮಗಾ, ಇದನ್ನ ನಾನು ಕಲಿಸಲಿಲ್ಲ. ಅಲ್ಲಿ ಯಾರ ದನಿಗೂ ಕಾಯಬೇಡ. ಪಕ್ಕದವನು ಓಡಿದ್ರೆ ನೀನೂ ಓಡು. ಸದ್ದು ಬಂದ್ರೆ ಬಗ್ಗು. ನಿನ್ನ ಮೈ ನಿನ್ದೇ ಕಣೋ. ಜೀವಕ್ಕೆ ಭಯ ಅನ್ನಿಸಿದ್ರೆ ಯಾರನ್ನೂ ಕೇಳಬೇಡ, ಓಡಿಬಿಡು. ತಿಳೀತಾ?”

ಹುಡುಗ ತಲೆ ತಿರುಗಿಸಲಿಲ್ಲ. ಅವನ ಹುಬ್ಬು ಮಾತ್ರ ಸ್ವಲ್ಪ ಗಂಟಿಕ್ಕಿತು, ಕಷ್ಟದ ಲೆಕ್ಕ ಕೊಟ್ಟಾಗ ಒಳ್ಳೆಯ ವಿದ್ಯಾರ್ಥಿಯ ಹುಬ್ಬು ಗಂಟಿಕ್ಕುವಂತೆ. ಎಲ್ಲವನ್ನೂ ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡಂತೆ ತುಟಿ ಅಲುಗಿತು. ಟ್ರಕ್ಕು ಜಗ್ಗಿ ಹೊರಟಿತು. ಮಾಸ್ತರರು ಕೆಳಗೆ ಹಾರಿ ಸರಪಳಿಯ ಜೊತೆ ನಾಲ್ಕು ಹೆಜ್ಜೆ ಓಡಿದರು.

“ತಿಳೀತು ಸರ್,” ಎಂದು ಹುಡುಗ ಎದುರಿಗೆ ನೋಡುತ್ತಲೇ ಕೂಗಿದ, ಸ್ಪಷ್ಟವಾಗಿ, ಅವರಿಗೆ ಮೆಚ್ಚುಗೆಯಾಗುವಂಥ ಗಂಟಲಿನಲ್ಲಿ. “ಯಾವ ಕಡೆಗೆ ಓಡ್ಲಿ ಸರ್?”