ತಿಮ್ಮವ್ವನ ಎರಡು ದವಾಖಾನೆಗಳು

ಮಸ್ಕಿಯ ನಮ್ಮ ಓಣಿಯ ತಿಮ್ಮವ್ವನಿಗೆ ಎರಡು ನಾಲಿಗೆ ಎಂದು ಜನ ಆಡಿಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಖರ್ಚು ಯಾರದು ಎಂದು ಮೊದಲು ಕೇಳಿಕೊಂಡು, ಆಮೇಲೆ ಯಾವ ದವಾಖಾನೆ ಒಳ್ಳೆಯದು ಎಂದು ಹೇಳುವಾಕೆ ಆಕೆ, ಅಷ್ಟೇ.

ಚೊಚ್ಚಲ ಹೆರಿಗೆ ತವರಿನವರ ಪಾಲು. ಇದು ನಮ್ಮ ಕಡೆಯ ಕಟ್ಟಳೆ. ಸೊಸೆ ಅಮರೇಶ್ವರಿ ಬಸುರಿಯಾದಾಗ ತಿಮ್ಮವ್ವ ಆಕೆಯ ಅಪ್ಪ, ಸಾಲಗುಂದದ ಗೋಪಣ್ಣನಿಗೆ ಫೋನಿನಲ್ಲೇ ಅಪ್ಪಣೆ ಹೊರಡಿಸಿದಳು: ಸರಕಾರಿ ದವಾಖಾನೆ ಗತಿಯಿಲ್ಲದವರಿಗೆ, ತನ್ನ ಮೊಮ್ಮಗ ಸಿಂಧನೂರಿನ ಖಾಸಗಿ ನರ್ಸಿಂಗ್ ಹೋಮಿನ ಎ.ಸಿ. ಕೋಣೆಯಲ್ಲೇ ಹುಟ್ಟಬೇಕು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅಲ್ಲಿಯ ಡಾಕ್ಟರು ಗಡಿಯಾರ ನೋಡಿದರು, ಅಮರೇಶ್ವರಿಯ ಹೊಟ್ಟೆ ಕೊಯ್ದರು. ಗೋಪಣ್ಣ ಎರಡು ಎಮ್ಮೆ ಮಾರಿ ಎಪ್ಪತ್ತು ಸಾವಿರ ಕಟ್ಟಿದ. ತಿಮ್ಮವ್ವ ಎ.ಸಿ. ಗಾಳಿಗೆ ಚೆನ್ನಾಗಿ ನಿದ್ದೆ ಮಾಡಿ ಬಂದು ಓಣಿಗೆಲ್ಲ ಪೇಢೆ ಹಂಚಿದಳು. ಆ ಪೇಢೆಯೂ ಗೋಪಣ್ಣನದೇ. ಅಮರೇಶ್ವರಿ ಮಾತ್ರ ಇಂದಿಗೂ ತುಂಬಿದ ಕೊಡ ಎತ್ತಿದರೆ ಸೊಂಟ ಹಿಡಿದು ಕೂರುತ್ತಾಳೆ.

ಈಗ ಮಗಳು ಮಹೇಶ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ತವರು ಎಂದರೆ ತಿಮ್ಮವ್ವನ ಗಂಟು. ಒಂದೇ ವಾರದಲ್ಲಿ ಸರಕಾರಿ ದವಾಖಾನೆ ಆಕೆಗೆ ಗುಡಿಯಾಯಿತು. ಕೂಸು ಸರಿಯಾಗಿ ತಿರುಗಿದೆ, ಸಲೀಸಾಗಿ ಹೆರುತ್ತಾಳೆ ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದ್ದರು. ಕಾಸಿನ ಖರ್ಚಿಲ್ಲ, ಮೇಲೆ ಮನೆತನಕ ಬಿಡಲು ಗಾಡಿ ಬೇರೆ. ಮಹೇಶ್ವರಿಗೂ ಅದೇ ಬೇಕಿತ್ತು. ಅತ್ತಿಗೆಯ ಪಾಡು ಕಣ್ಣಾರೆ ಕಂಡವಳು, ಆಪರೇಷನ್ ಒಂದು ಬೇಡ ಎನ್ನುತ್ತಿದ್ದಳು.

ಅಷ್ಟರಲ್ಲಿ ಆಕೆಯ ಅತ್ತೆ ಗದ್ದೆಮ್ಮ ಲಿಂಗಸುಗೂರಿನಿಂದ ಬಂದಿಳಿದಳು. ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, ತಮ್ಮ ಮನೆತನದ ಕೂಸು ಖಾಸಗಿಯಲ್ಲೇ ಹುಟ್ಟಬೇಕು, ಇಲ್ಲದಿದ್ದರೆ ನೆಂಟರಿಗೆ ಮುಖ ತೋರಿಸುವುದು ಹೇಗೆ ಎಂದಳು. ಗೋಪಣ್ಣ ಕೇಳಿಸಿಕೊಂಡ ಮಾತೇ, ಬಾಯಿ ಮಾತ್ರ ಬೇರೆ. ತಿಮ್ಮವ್ವ ಸರಕಾರಿ ದವಾಖಾನೆಯನ್ನು ಹೊಗಳಲು ಕೂತಳು. ಗುಣಗಾನವೆಲ್ಲ ಮುಗಿದ ಮೇಲೆ ಸೊಸೆಯನ್ನು ಅಡುಗೆಮನೆಯಿಂದ ಕರೆದು, ಸಂತೆಯಲ್ಲಿ ದನ ತೋರಿಸುವ ಹಾಗೆ ಬೀಗಿತ್ತಿಯ ಮುಂದೆ ನಿಲ್ಲಿಸಿದಳು.

"ಇಕಿನ್ನ ನೋಡ್ರಿ. ಖಾಸಗಿಯವ್ರು ರೊಕ್ಕದ ಆಸೇಕ ಸುಮ್ಸುಮ್ನ ಹೊಟ್ಟಿ ಕೊಯ್ದಾರ. ಒಂದ್ ಕೊಡ ನೀರ ಎತ್ತಾಕ ಆಗವಲ್ದು."

ಅಮರೇಶ್ವರಿ ಸೆರಗು ಸರಿಮಾಡಿಕೊಂಡಳು. "ಗೊತ್ತಿದ್ದೂ ನನ್ನ ಅಲ್ಲಿಗ್ಯಾಕ ಕಳಿಸಿದ್ರಿ ಅತ್ತಿ?"

ತಿಮ್ಮವ್ವ ಯೋಚಿಸುವ ಮೊದಲೇ ಸತ್ಯ ಹೊರಗೆ ಬಿತ್ತು. "ಆಗ ರೊಕ್ಕ ನಿಮ್ಮಪ್ಪಂದಿತ್ತಲ್ಲವಾ."

ಗದ್ದೆಮ್ಮ ಬಸಿ ಕೆಳಗಿಟ್ಟಳು. "ಈಗ ನಿಮ್ದೈತಲ್ರಿ" ಎಂದಳು.

ಅಲ್ಲಿಗೆ ತೀರ್ಮಾನವಾಯಿತು: ಸಿಂಧನೂರು, ಅದೇ ನರ್ಸಿಂಗ್ ಹೋಮು. ಹೆರುವವಳು ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ಆಕೆಯನ್ನು ಯಾರೂ ಕೇಳಲಿಲ್ಲ. ಇಂಥ ಮರ್ಯಾದೆಗಿಷ್ಟು ಬೆಂಕಿ ಹಾಕ.

ಸಂಜೆ ಬೀಗಿತ್ತಿಯನ್ನು ಬಸ್ಸಿಗೆ ಹತ್ತಿಸಲು ತಿಮ್ಮವ್ವ ಹೋದಾಗ, ಅಮರೇಶ್ವರಿ ನಾದಿನಿಯನ್ನು ಒಳಗೆ ಕರೆದು ಚಾಪೆ ಹಾಸಿದಳು. ಕೊಯ್ದ ಮೇಲೆ ಒಮ್ಮೆಲೇ ಏಳಬಾರದು, ಮೊದಲು ಮಗ್ಗುಲಾಗಬೇಕು, ಮೊಣಕೈ ಊರಬೇಕು, ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಹಿಡಿಯಬೇಕು ಎಂದು ಹೇಳಿಕೊಟ್ಟಳು. ಮಹೇಶ್ವರಿ ತುಂಬಿದ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಮಗ್ಗುಲಾದಳು.