ಗಿರಣಿ ನಿಂತ ಹೊತ್ತು

ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ನಾನು ಯಾವತ್ತೂ ಟಾಪಿಗೆ ಹಾಕಲು ಬಿಟ್ಟವನಲ್ಲ, ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದೆ. "ಇವತ್ತು ತಾಳಮದ್ದಳೆ ಎಲ್ಲಿ ಮಾರಾಯ್ರೆ?" ಎಂದು ಮೂಡಬಿದ್ರೆಯಲ್ಲಿ ಹತ್ತುವಾಗಲೇ ಕಂಡಕ್ಟರ್ ಕೇಳುತ್ತಿದ್ದ. ಅದು ಹಾರ್ಮೋನಿಯಂ ಎಂದೇ ಅವನ ನಂಬಿಕೆ. ನಾನೂ ತಿದ್ದಲು ಹೋಗಲಿಲ್ಲ.

ಒಳಗಿದ್ದದ್ದು ಎಕ್ಸ್‌ರೇ ಸೋರಿಕೆ ಅಳೆಯುವ ಯಂತ್ರ. ಕಪ್ಪು ಕೊಳವೆಯ ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಹರಳು. ಕಿರಣ ತಾಗಿದರೆ ಅದು ನಮ್ಮ ಕಣ್ಣಿಗೆ ಕಾಣದ ಹಾಗೆ ಮಿನುಗುತ್ತದೆ, ಮಿನುಗಿದಷ್ಟೂ ಮುಳ್ಳು ಮೇಲೇರುತ್ತದೆ. ಹೊರಗಿನ ಬೆಳಕು ನುಸುಳಿದರೆ ಎಲ್ಲ ಕೆಡುತ್ತದೆಂದು ಕೊಳವೆಗೆ ಕಪ್ಪು ಟೇಪು ಸುತ್ತಿರುತ್ತಿದ್ದೆ. ಅರವತ್ತರ ದಶಕದಲ್ಲಿ ನನ್ನ ಕೆಲಸವೇ ಇದು: ವರ್ಷಕ್ಕೊಮ್ಮೆ ಮೂಡಬಿದ್ರೆ, ಬಂಟ್ವಾಳ, ಬೆಳ್ತಂಗಡಿಯ ಎಕ್ಸ್‌ರೇ ಕೋಣೆಗಳ ಗೋಡೆಗೆ ಆ ಹರಳನ್ನು ಹಿಡಿದು ಮುಳ್ಳು ನೋಡಿ ಬರೆದುಕೊಳ್ಳುವುದು. ಇದ್ದದ್ದು ಮೂರೋ ನಾಲ್ಕೋ ಕೋಣೆ. ನನ್ನ ಗತ್ತಿಗೇನೂ ಕಡಿಮೆ ಇರಲಿಲ್ಲ.

ಬಂಟ್ವಾಳದ ದವಾಖಾನೆಯಲ್ಲಿ ಎಕ್ಸ್‌ರೇ ಗೋಡೆಯ ಆಚೆ ನರ್ಸಮ್ಮನ ಕುರ್ಚಿ. ಕನ್ಯಾನದ ಕಡೆಯವರು, ಮಾತು ಕಡಿಮೆ. ಮೊದಲ ವರ್ಷ ನಾನು ಹೋದಾಗ ತುಂಬು ಬಸುರಿ.

"ಇಡೀ ದಿನ ಇಲ್ಲೇ ಕೂರುವುದು ಸಾರ್. ತೊಂದರೆ ಉಂಟಾ?"

ಬೆಳಿಗ್ಗೆಯ ಹೊತ್ತು. ಡಾಕ್ಟರು ಗುಂಡಿ ಒತ್ತಿದರು, ನಾನು ಗೋಡೆಗೆ ಹರಳು ಹಿಡಿದೆ. ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು ಅಲುಗಿತು.

"ಏನೂ ಇಲ್ಲ, ಧೈರ್ಯವಾಗಿ ಕೂತುಕೊಳ್ಳಿ" ಎಂದೆ.

ಮರುವರ್ಷ ಹೋದಾಗ ಅವರ ಕುರ್ಚಿಯ ಪಕ್ಕದಲ್ಲೇ, ಸೂರಿನ ಪಕಾಸಿಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಹೆಣ್ಣುಮಗು ಮಲಗಿತ್ತು.

"ನೀವು ಹೇಳಿದಿರಲ್ಲ ಸಾರ್, ಅದಕ್ಕೇ ಇಲ್ಲಿ ಕಟ್ಟಿದ್ದು" ಎಂದರು ನರ್ಸಮ್ಮ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಅವರು ಮಗುವನ್ನು ಎತ್ತಿಕೊಂಡು ಜಗಲಿಗೆ ಹೋದ ಮೇಲೆ ನಾನು ಗೋಡೆ ಅಳೆದೆ. ಆ ಸಲವೂ ಮುಳ್ಳು ಸುಮ್ಮನಿತ್ತು. ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಪಕ್ಕದ ಅಕ್ಕಿ ಗಿರಣಿ ಊಟಕ್ಕೆಂದು ನಿಂತಿತು. ತಲೆಯ ಮೇಲಿನ ಬಲ್ಬು ಒಮ್ಮೆಲೇ ಬೆಳ್ಳಗಾಯಿತು.

"ಡಾಕ್ಟ್ರು ಎದೆಯ ಫೋಟೋ ತೆಗೆಯುವುದು ಇನ್ನು" ಎಂದರು ನರ್ಸಮ್ಮ ಜಗಲಿಯಿಂದಲೇ. "ಗಿರಣಿ ಓಡುವಾಗ ಕರೆಂಟಿಗೆ ಶಕ್ತಿ ಸಾಲುವುದಿಲ್ಲ ಸಾರ್, ಫೋಟೋ ಮಸುಕು ಬರ್ತದೆ."

ಫೋಟೋ ಯಾವಾಗ ತೆಗೆಯುತ್ತೀರಿ ಎಂದು ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಎರಡು ಸಲವೂ ಅಳೆದದ್ದು ಗಿರಣಿ ಓಡುವಾಗಲೇ. ಪೆಟ್ಟಿಗೆ ಮತ್ತೆ ಬಿಚ್ಚಿದೆ. ಡಾಕ್ಟರು ಗುಂಡಿ ಒತ್ತಿದ್ದೇ ತಡ, ಮುಳ್ಳು ಆ ತುದಿಗೆ ಹೋಗಿ ಬಡಿಯಿತು. ಮುರಕಲ್ಲಿನ ಗೋಡೆ, ಕಲ್ಲುಗಳ ನಡುವೆ ಬರೀ ಮಣ್ಣು. ಟೇಪು ಹರಿದು ಬೆಳಕು ನುಗ್ಗಿರಬಹುದೆಂದು ಹಳೆಯದನ್ನು ಕಿತ್ತು ಹೊಸದು ಸುತ್ತಿದೆ. ಯಂತ್ರ ಕೆಟ್ಟಿರಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ. ಯಂತ್ರ ಸರಿಯಾಗಿಯೇ ಇತ್ತು.

"ಸೀಸದ ತಗಡು ಹೊಡೆಸುವ" ಎಂದರು ಡಾಕ್ಟರು. ಅಷ್ಟರಲ್ಲಿ ನರ್ಸಮ್ಮ ತೊಟ್ಟಿಲು ಬಿಚ್ಚಿ ಸೀರೆ ಮಡಚಿಯಾಗಿತ್ತು.

"ಇಷ್ಟು ದಿನದ್ದು ಎಷ್ಟಾಯ್ತು ಸಾರ್?"

ಯಂತ್ರ ಹೇಳುವುದು ಆ ಗಳಿಗೆಯದ್ದು ಮಾತ್ರ. ಆಗಿಹೋದ ದಿನಗಳನ್ನು ಅದು ಹೇಳುವುದಿಲ್ಲ. ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು, ಆದರೆ ಹೋದ ವರ್ಷ ಹೇಳಿದ್ದೂ ಅಂಥದ್ದೇ ಮಾತಲ್ಲವೇ. ಅವರ ಮುಖ ನೋಡಲು ನಾಚಿಕೆಯಾಯಿತು.

"ಗೊತ್ತಿಲ್ಲಮ್ಮ" ಎಂದೆ.

ಆಮೇಲೆ ಎಲ್ಲಿಗೆ ಹೋದರೂ, ಗಿರಣಿಯೇ ಇಲ್ಲದ ಕಡೆಯೂ, ಫೋಟೋ ತೆಗೆಯುವ ಹೊತ್ತು ಯಾವುದೆಂದು ಮೊದಲು ವಿಚಾರಿಸುವುದು ರೂಢಿಯಾಯಿತು. ಬಂಟ್ವಾಳದಲ್ಲಿ ಮಾತ್ರ ಪೆಟ್ಟಿಗೆ ಬಿಚ್ಚುವ ಮೊದಲು ಮಗು ಹೇಗಿದೆ ಎಂದು ಕೇಳುತ್ತಿದ್ದೆ. ಹುಷಾರಿದ್ದಾಳೆ, ನಡೆಯುತ್ತಾಳೆ, ಶಾಲೆಗೆ ಸೇರಿಸಿದೆವು ಎಂದು ಒಂದೊಂದು ವರ್ಷ ಒಂದೊಂದು ಉತ್ತರ. ಅದನ್ನು ಹೇಳಿ ಮುಗಿಸಿ ನರ್ಸಮ್ಮ ಪ್ರತಿ ಸಲವೂ ಕೇಳುತ್ತಿದ್ದರು:

"ಗಿರಣಿ ನಿಲ್ಲುವವರೆಗೆ ಕೂತುಕೊಳ್ತೀರಲ್ಲ ಸಾರ್?"

ಕೂರುತ್ತಿದ್ದೆ.